ನಿಂಬೆಹಣ್ಣಿನ ನೋ ಕ್ಲೈಮ್ ಬೋನಸ್

ಹೋದ ಶನಿವಾರದಿಂದ ನಮ್ಮ ಮನೆಯಲ್ಲಿ ಅಪ್ಪನೂ ಮಗನೂ ಮಾತು ಬಿಟ್ಟಿದ್ದಾರೆ. "ನಿನ್ ಗಂಡಂಗೆ ಹೇಳಮ್ಮ, ಸಾರು ಈ ಕಡೆ ತಳ್ಳಲಿ" ಅನ್ನುತ್ತಾರೆ ಮಾವ. "ಅಪ್ಪನಿಗೆ ಹೇಳು, ಪಾತ್ರೆ ಬಿಸಿ ಇದೆ" ಅನ್ನುತ್ತಾರೆ ನಮ್ಮ ಯಜಮಾನರು. ಮೂವರೂ ಕೂತಿರುವುದು ಒಂದೇ ಮೇಜಿಗೆ, ಮೊಳಕೈಗೆ ಮೊಳಕೈ ತಾಗುವಂತೆ. ಪಾಲಿಸಿ ಕೊಟ್ಟವರೂ ಅಲ್ಲದೆ, ತೆಗೆದುಕೊಂಡವರೂ ಅಲ್ಲದೆ, ಗುದ್ದಿಗೆ ಸಿಕ್ಕಿ ಜಜ್ಜಿಹೋಗುವವರಿಗೆ ಇನ್ಶೂರೆನ್ಸಿನವರು ಥರ್ಡ್ ಪಾರ್ಟಿ ಅಂತ ಹೆಸರಿಟ್ಟಿದ್ದಾರೆ. ನಮ್ಮನೆ ಥರ್ಡ್ ಪಾರ್ಟಿ ನಾನು.

ಇಷ್ಟಕ್ಕೂ ಕಾರಣ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ.

ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ ನಾನು ಹಬ್ಬ, ನಾಮಕರಣ, ರಾಜ್ಯೋತ್ಸವಕ್ಕೆಲ್ಲ ಅಡುಗೆ ಮಾಡಿಕೊಡುತ್ತೇನೆ. ಎಂಬತ್ತು ಜನರ ಬಿಸಿಬೇಳೆಬಾತು ಕಾರಿನ ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ. ಒಮ್ಮೆ ಬೆಲ್ಟು ಹಾಕಿ ಕೂರಿಸಿದ್ದೆವು. ಆ ಸೀಟಿನಲ್ಲಿ ಕೂತವರು ಇವತ್ತಿಗೂ ಇಂಗಿನ ಘಮದೊಂದಿಗೆ ಇಳಿಯುತ್ತಾರೆ. ಅದಕ್ಕೇ ವ್ಯಾನು ತಂದೆವು. 2015ರ ಡೀಸೆಲ್ ವ್ಯಾನು, ಅಗ್ಗಕ್ಕೆ ಸಿಕ್ಕಿತು. ಯಾಕೆ ಅಗ್ಗವಾಯಿತೆಂದು ಲಂಡನ್ನಿನ ಸೌತಾಲ್‌ಗೆ ಕರಿಬೇವು ತರಲು ಹೋದಾಗ ತಿಳಿಯಿತು. 2023ರ ಆಗಸ್ಟ್ 29ರಿಂದ ಇಡೀ ಲಂಡನ್ ನಗರ ಹೊಗೆ ಸುಂಕದ ಬೇಲಿಯೊಳಗೆ ಬಂದಿದೆ. ಯೂರೋ 6 ದರ್ಜೆ ಮುಟ್ಟದ ಡೀಸೆಲ್ ಗಾಡಿ ಅಲ್ಲಿ ಗಾಲಿ ಊರಿದರೆ ದಿನಕ್ಕೆ 12.50 ಪೌಂಡ್ ಕಟ್ಟಬೇಕು. ನಮ್ಮದು ಯೂರೋ 5. ಆವತ್ತಿನ ಒಗ್ಗರಣೆಯನ್ನು ನಾನು ಎಸಳು ಎಣಿಸಿ ಹಾಕಿದೆ.

ಮಾವ ಬಂದದ್ದು ಮೇ ತಿಂಗಳಲ್ಲಿ. ಊರು ಕೊಳಾಲ, ಕೊರಟಗೆರೆ ತಾಲ್ಲೂಕು, ಹೋಬಳಿ ಕೇಂದ್ರ. ಮೂರನ್ನೂ ಅವರು ಒಂದೇ ಉಸಿರಿಗೆ ಹೇಳುತ್ತಾರೆ. ವಿಮಾನ ನಿಲ್ದಾಣದ ಅಧಿಕಾರಿಗೂ ಹಾಗೇ ಹೇಳಿದರಂತೆ. ಅತ್ತೆ ಮಾತ್ರ ಎಮ್ಮೆ ಬಿಟ್ಟು ಬರಲಿಲ್ಲ. ಮಾವ ಒಂದು ಕಾಲಕ್ಕೆ ಮೆಟಡೋರ್ ಇಟ್ಟಿದ್ದವರು. ಪಾವಗಡದ ಕಡಲೇಕಾಯಿ, ಮಧುಗಿರಿ ಕಡೆಯ ಹುಣಸೆಹಣ್ಣು ತುಮಕೂರು ಮಂಡಿಗೆ. ಶುಕ್ರವಾರ ಬಂದರೆ ಅದೇ ಗಾಡಿ ಗುಡಿಸಿ, ಭಕ್ತರನ್ನು ತುಂಬಿಕೊಂಡು ಗೊರವನಹಳ್ಳಿ ಮಹಾಲಕ್ಷ್ಮಿಗೆ. ನಮ್ಮ ವ್ಯಾನಿಗೂ ಅವರು ಕರೆಯುವುದು ಮೆಟಡೋರ್ ಅಂತಲೇ.

ಬಂದ ಮೂರನೇ ದಿನಕ್ಕೆ ಗಾಡಿಯ ಹಿಂಬಾಗಿಲು ತೆಗೆಸಿದರು. "ಇದು ಮೆಟಡೋರೋ, ಅಟ್ಟವೋ?" ಅಂದರು. ಎರಡು ಮೂಟೆ ಅಕ್ಕಿ, ಗ್ರೈಂಡರಿನ ಹಳೇ ಕಲ್ಲು, ಹೋದ ವರ್ಷದ ಗಣಪತಿ ಮಂಟಪ, ಮೊಮ್ಮಗ ಮರೆತ ಡಂಬೆಲ್ಸ್ ಎಲ್ಲ ಹೊರಬಿತ್ತು. "ಇಷ್ಟನ್ನೂ ದಿನಾ ಸವಾರಿ ಕರ್ಕೊಂಡು ಹೋಗ್ತೀರಲ್ಲ, ಡೀಸೆಲ್ ಕುಡೀದೆ ಇನ್ನೇನು ಮಾಡ್ತದೆ?" ಮೇಲಿನ ಕ್ಯಾರಿಯರ್ ಬಿಚ್ಚಿಸಿದರು, ಗಾಳಿಗೆ ಎದೆ ಕೊಡುವುದು ಕಮ್ಮಿಯಾಗಲಿ ಅಂತ. ಟೈರಿಗೆ ಹೆಬ್ಬೆರಳೊತ್ತಿ ಮೂರರಲ್ಲಿ ಗಾಳಿ ಇಲ್ಲ ಅಂದರು. ಯಜಮಾನರು ನಗುತ್ತಾ ಮೀಟರ್ ಹಿಡಿದರು. ಮೂರರಲ್ಲಿ ಗಾಳಿ ಇರಲಿಲ್ಲ. ನಗು ಅಲ್ಲಿಗೆ ನಿಂತಿತು. ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಇಲ್ಲಿ ಕಾರಿಗೆ ಗಂಟೆಗೆ 60 ಮೈಲಿ ಮಿತಿ, ನಮ್ಮಂಥ ವ್ಯಾನಿಗೆ 50 ಎಂದು ತಿಳಿದಾಗ ಬ್ರಿಟಿಷ್ ಸರ್ಕಾರವನ್ನು ಮೊದಲ ಬಾರಿಗೆ ಹೊಗಳಿದರು: "ನಿಧಾನಕ್ಕೆ ಹೋದ್ರೆ ಎಣ್ಣೆ ಉಳೀತದೆ, ಜೀವಾನೂ ಉಳೀತದೆ."

ಸೋತದ್ದು ನ್ಯೂಟ್ರಲ್ ವಿಷಯದಲ್ಲಿ ಮಾತ್ರ. ಇಳಿಜಾರು ಸಿಕ್ಕರೆ ಗೇರ್ ತೆಗೆದು ಗಾಡಿ ಬಿಡಬೇಕೆಂಬುದು ಅವರ ಜೀವಮಾನದ ಸಿದ್ಧಾಂತ. "ತಾತ, ಈಗಿನ ಎಂಜಿನ್ ಗೇರಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ರೆ ಡೀಸೆಲ್ ಪೂರ್ತಿ ನಿಲ್ಲಿಸುತ್ತೆ. ನ್ಯೂಟ್ರಲ್ ಹಾಕಿದ್ರೆ ಆಫ್ ಆಗದೇ ಇರೋಕೇ ಡೀಸೆಲ್ ಕುಡಿಯುತ್ತೆ, ಬ್ರೇಕೂ ಕಾಯುತ್ತೆ" ಅಂದ ಹತ್ತೊಂಬತ್ತರ ಮೊಮ್ಮಗ. ಮಾವ ಬಹಳ ಹೊತ್ತು ಕಿಟಕಿಯಾಚೆ ನೋಡಿದರು. "ನಮ್ ಮೆಟಡೋರ್ ಇಷ್ಟು ಓದಿರಲಿಲ್ಲ" ಅಂದರು.

ಅಷ್ಟರಲ್ಲಿ ಇನ್ಶೂರೆನ್ಸ್ ಮುಗಿಯುವ ದಿನ ಬಂತು. ಕೊಳಾಲದಲ್ಲಿ ಇದು ಸುಲಭದ ಕೆಲಸ. ಏಜೆಂಟು ಮನೆಗೇ ಬರುತ್ತಾನೆ, ಕಾಫಿ ಕುಡಿಯುತ್ತಾನೆ, ಮಗಳ ಮದುವೆ ಎಲ್ಲಿಗೆ ಬಂತು ಅಂತ ಕೇಳುತ್ತಾನೆ, ಚೆಕ್ಕು ಒಯ್ಯುತ್ತಾನೆ. ಥರ್ಡ್ ಪಾರ್ಟಿ ದರ ಸರ್ಕಾರವೇ ಗೊತ್ತು ಮಾಡಿದ್ದು, ಚೌಕಾಸಿಯ ಮಾತೇ ಇಲ್ಲ. ಇಲ್ಲಿ ಕಾಫಿ ಇಲ್ಲ, ಬರೀ ಪ್ರಶ್ನೆಗಳು. ರಾತ್ರಿ ಗಾಡಿ ಎಲ್ಲಿ ಮಲಗುತ್ತದೆ? ವರ್ಷಕ್ಕೆ ಎಷ್ಟು ಮೈಲಿ? ನಿಮ್ಮ ಉದ್ಯೋಗ ಅಡುಗೆಯವರೋ, ಕೇಟರಿಂಗ್ ನಡೆಸುವವರೋ? ಎರಡಕ್ಕೂ ಬೇರೆ ಬೇರೆ ದರ. ಸಾಗಿಸುವುದು ಸ್ವಂತ ಸರಕೋ, ಬಾಡಿಗೆ ಸರಕೋ? "ದುಡ್ಡು ಇಸ್ಕೊಂಡ ಮೇಲೆ ಬಿಸಿಬೇಳೆಬಾತು ಯಾರದ್ದು?" ಅಂತ ಮಾವ ಕೇಳಿದ್ದಕ್ಕೆ ಯಜಮಾನರು ಅರ್ಧ ಗಂಟೆ ನಿಯಮ ಓದಿದರು. ಇಳಿಸುವವರೆಗೆ ನಮ್ಮದೇ ಎಂದು ತೀರ್ಮಾನವಾಯಿತು.

ದೊಡ್ಡ ಆಘಾತ ಮುಂದಿತ್ತು. "ಥರ್ಡ್ ಪಾರ್ಟಿ ಒಂದೇ ಹಾಕಿದ್ರೆ ಎಷ್ಟು?" ಅಂದರು ಮಾವ. ಹಾಕಿ ನೋಡಿದರೆ ಫುಲ್ ಇನ್ಶೂರೆನ್ಸಿಗಿಂತ ಜಾಸ್ತಿ! ಕಮ್ಮಿ ರಕ್ಷಣೆ ಕೇಳುವವರೇ ಹೆಚ್ಚು ಗುದ್ದುತ್ತಾರೆಂಬುದು ಇಲ್ಲಿನ ಕಂಪನಿಗಳ ಅನುಭವವಂತೆ. "ಇಡ್ಲಿ ಒಂದೇ ಕೊಡಪ್ಪಾ ಅಂದ್ರೆ ಇಡ್ಲಿ-ವಡೆಗಿಂತ ಜಾಸ್ತಿ ಬಿಲ್ ಹಾಕ್ತಾರಲ್ಲ!" ಅಂತ ಮಾವ ಎರಡು ದಿನ ಸಿಕ್ಕವರಿಗೆಲ್ಲ ಹೇಳಿದರು. ಮೊಮ್ಮಗನ ಹೆಸರು ಸೇರಿಸಿ ನೋಡಿದಾಗ ಬಂದ ಅಂಕಿಗೆ ಇನ್ನೊಂದು ವ್ಯಾನೇ ಬರುತ್ತಿತ್ತು. "ನನ್ನ ಹೆಸರು ಹಾಕ್ರಿ, ನಾನೇ ಓಡಿಸ್ತೀನಿ ಅಂತ. ಊರಿನ ಲೈಸೆನ್ಸು ಇಲ್ಲಿ ವರ್ಷ ನಡೀತದಂತಲ್ಲ. ಹುಡುಗ ಆಗೀಗ ಹಿಡೀಲಿ" ಅಂದರು ಮಾವ. ದಿನಾ ಓಡಿಸುವವನನ್ನು ಬಚ್ಚಿಟ್ಟು ಹಿರಿಯರ ಹೆಸರು ಮುಂದೆ ಮಾಡುವುದಕ್ಕೆ ಇಲ್ಲಿ ವಂಚನೆ ಎನ್ನುತ್ತಾರೆ. ಅಪಘಾತವಾದರೆ ಪಾಲಿಸಿಯೇ ಇಲ್ಲವೆನ್ನಬಹುದು. "ಹಂಗಾರೆ ನಮ್ಮೂರಲ್ಲಿ ಅರ್ಧ ಜನ ಒಳಗಿರ್ಬೇಕಿತ್ತು" ಅಂದರು. ಮೊಮ್ಮಗ ಬಸ್ ಪಾಸ್ ತೆಗೆದುಕೊಂಡ.

ತಿಂಗಳು ತಿಂಗಳು ಕಟ್ಟಿದರೆ ಅದು ಸಾಲ, ಬಡ್ಡಿ ಬೀಳುತ್ತದೆ. ವರ್ಷದ್ದು ಒಟ್ಟಿಗೆ ಕಟ್ಟಿದರೆ ಅಗ್ಗ. ಈ ಮಾತನ್ನು ಯಜಮಾನರು ಗಾಯತ್ರಿ ಮಂತ್ರದಂತೆ ಜಪಿಸುತ್ತಾರೆ. ಅವರಲ್ಲಿ ಇನ್ನೊಂದು ಕಾಯಿಲೆ ಇದೆ, ಸತ್ಯ ಹೇಳುವುದು. ಮನೆ ಬಳಕೆಯ ಪಾಲಿಸಿಯಾದರೆ ಕೇಳಿದ್ದಕ್ಕೆ ನೆಟ್ಟಗೆ ಉತ್ತರಿಸಿದರೆ ಸಾಕು. ವ್ಯಾಪಾರದ್ದಾದರೆ 2015ರ ಇನ್ಶೂರೆನ್ಸ್ ಕಾಯ್ದೆಯ ಪ್ರಕಾರ, ಮುಖ್ಯವಾದದ್ದನ್ನು ಅವರು ಕೇಳದಿದ್ದರೂ ನಾವೇ ಬಾಯ್ಬಿಡಬೇಕು. ಇದನ್ನು ಓದಿದ ದಿನದಿಂದ ಇವರಿಗೆ ನಿದ್ದೆ ಇಲ್ಲ.

ಆ ಹೊತ್ತಿಗೇ ಆಯುಧಪೂಜೆ. ಮಾವ ವ್ಯಾನು ತೊಳೆದು, ವಿಭೂತಿ ಎಳೆದು, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣಿಟ್ಟು ಹತ್ತಿಸಿದರು. ಊರಿಂದಲೇ ತಂದಿದ್ದ "ಶ್ರೀ ಗೊರವನಹಳ್ಳಿ ಮಹಾಲಕ್ಷ್ಮೀ ಪ್ರಸನ್ನ" ಸ್ಟಿಕ್ಕರನ್ನು ಬಾನೆಟ್ಟಿಗೆ ಅಂಟಿಸಿದರು. ಕೊನೆಗೆ ಐದನೇ ನಿಂಬೆಹಣ್ಣನ್ನು ಏಳು ಮೆಣಸಿನಕಾಯಿ ಸಮೇತ ದಾರಕ್ಕೆ ಪೋಣಿಸಿ ಮುಂದಿನ ಬಂಪರಿಗೆ ಕಟ್ಟಿದರು. ಯಜಮಾನರು ಅದನ್ನು ನೋಡಿದರು. ಅವರ ಹಣೆಯಲ್ಲಿ 2015ರ ಕಾಯ್ದೆ ಮೂಡಿದ್ದು ನನಗೆ ಕಂಡಿತು.

ಶನಿವಾರ ಬೆಳಿಗ್ಗೆ ಫೋನಿನ ಸ್ಪೀಕರ್ ಹಾಕಿ ಕೂತರು. ಆ ಕಡೆ ಪಾಪ, ಒಬ್ಬಳು ಚಿಕ್ಕ ಹುಡುಗಿ.

"ಗಾಡಿಗೆ ಏನಾದರೂ ಬದಲಾವಣೆ ಮಾಡಿಸಿದ್ದೀರಾ?"

"ಬಾನೆಟ್ ಮೇಲೆ ಒಂದು ಹೆಸರಿದೆ. ಮಹಾಲಕ್ಷ್ಮಿ."

"ವ್ಯಾಪಾರದ ಮಾಲೀಕರೇ?"

ಇವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. "ಒಂದು ಲೆಕ್ಕದಲ್ಲಿ ಹೌದು. ಆದರೆ ಅವರು ಗಾಡಿ ಓಡಿಸೋದಿಲ್ಲ."

"ಸರಿ. ಬೇರೇನಾದರೂ?"

"ಒಂದು ನಿಂಬೆಹಣ್ಣಿದೆ."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. "ಹಣ್ಣು ಸಾಗಿಸುತ್ತೀರಾ?"

"ಸಾಗಿಸೋದಲ್ಲ, ಕಟ್ಟಿರೋದು. ಮುಂದುಗಡೆ."

"ಶಾಶ್ವತವಾಗಿಯೇ?"

"ಒಣಗೋವರೆಗೆ."

"ಅದರ ಕೆಲಸ ಏನು, ಸರ್?"

"ಅಪಘಾತ ಆಗದಂತೆ ನೋಡಿಕೊಳ್ಳುತ್ತೆ."

"ಅಂದರೆ... ಸುರಕ್ಷತಾ ಸಾಧನ?"

ಹಿಂದಿನಿಂದ ಮಾವ ಕೂಗಿದರು: "ಡಿಸ್ಕೌಂಟ್ ಕೇಳ್ಲಾ! ಇಪ್ಪತ್ತು ವರ್ಷ ನಿಂಬೆಹಣ್ಣು ಕಟ್ಟಿದೀನಿ, ಒಂದ್ ಕ್ಲೈಮ್ ಮಾಡಿಲ್ಲ ಅನ್ನು! ನಮ್ ದೇಶದಲ್ಲಿ ಐದ್ ವರ್ಷಕ್ಕೇ ಐವತ್ತು ಪರ್ಸೆಂಟ್ ಬೋನಸ್ ಬಿಡ್ತಾರೆ ಅನ್ನು!"

ಹುಡುಗಿ ಮೇಲಿನವರನ್ನು ಕೇಳಿ ಬರುತ್ತೇನೆಂದು ಹೋದಳು. ಹನ್ನೊಂದು ನಿಮಿಷ ಪಿಯಾನೋ ಕೇಳಿಸಿಕೊಂಡೆವು. ಆ ಹೊತ್ತಿನಲ್ಲಿ ನಮ್ಮ ಅಡುಗೆಮನೆ ವಿಧಾನಸಭೆಯಾಯಿತು. ನಿಂಬೆಹಣ್ಣು ಬಿಡಿಭಾಗ ಅಂದರು ಇವರು. ಸಿಬ್ಬಂದಿ ಅಂದರು ಮಾವ. ಬೇಗ ಕೊಳೆಯುವ ಸರಕು ಅಂದ ಮಗ. ಉಪ್ಪಿನಕಾಯಿಗಿಟ್ಟದ್ದು ಯಾರ ಅಪ್ಪಣೆ ಪಡೆದು ತೆಗೆದಿರಿ ಅಂದೆ ನಾನು. ಹುಡುಗಿ ಮರಳಿ ಬಂದು ತೀರ್ಪು ಓದಿದಳು: ನಿಂಬೆಹಣ್ಣು ಮಾರ್ಪಾಡಲ್ಲ. ಡಿಸ್ಕೌಂಟೂ ಇಲ್ಲ. ಆದರೆ ಅದು ನಂಬರ್ ಪ್ಲೇಟಿಗೆ ಅಡ್ಡ ಬರುತ್ತಿಲ್ಲ ತಾನೆ? ಬಂದರೆ 1,000 ಪೌಂಡಿನವರೆಗೆ ದಂಡವಿದೆ.

ಎಲ್ಲರೂ ಹೊರಗೆ ಓಡಿದೆವು. ಕೊನೆಯ ಮೆಣಸಿನಕಾಯಿ ಪ್ಲೇಟಿನಲ್ಲಿ ಗಾಡಿಯ ವರ್ಷ ಹೇಳುವ 15ರ ಐದರ ಪಕ್ಕ ಸರಿಯಾಗಿ ನೇತಾಡುತ್ತಾ, ಅದರ ಹೊಟ್ಟೆ ಮುಚ್ಚಿ ಆರು ಮಾಡಿತ್ತು. "ಒಳ್ಳೇದೇ ಆಯ್ತಲ್ಲ, ಗಾಡಿಗೆ ಒಂದ್ ವರ್ಷ ವಯಸ್ಸು ಕಮ್ಮಿಯಾಯ್ತು" ಅಂದರು ಮಾವ. ಇನ್ನು ಗಾಜಿನ ಒಳಗೆ ಕಟ್ಟೋಣವೆಂದರೆ ಡ್ರೈವರ್ ನೋಟಕ್ಕೆ ಅಡ್ಡಿ, ಅದಕ್ಕೂ ನಿಯಮವಿದೆ. ಹಿಂದೆ ಕಟ್ಟಿದರೆ ಎದುರು ಬರುವ ದೃಷ್ಟಿ ತಡೆಯುವವರಾರು? ಹೀಗೆ ಒಂದು ನಿಂಬೆಹಣ್ಣಿಗೆ ಇಡೀ ಬ್ರಿಟನ್ನಿನಲ್ಲಿ ಬದುಕಲು ಜಾಗ ಇಲ್ಲವಾಯಿತು. ಯಜಮಾನರು ಒಳಗಿನಿಂದ ಕತ್ತರಿ ತಂದು, ಅಪ್ಪನ ಕಣ್ಣೆದುರೇ, ಶನಿವಾರ, ದಾರ ಕತ್ತರಿಸಿದರು. ಮಾತು ನಿಂತದ್ದು ಆಗಲೇ.

ಫೋನ್ ಇನ್ನೂ ಆನ್ ಇತ್ತು. ಮಾವ ಒಳಗೆ ಬಂದು ನನ್ನನ್ನು ಕೇಳಿದರು: "ಆ ಹುಡುಗೀನ ಒಂದ್ ಮಾತು ಕೇಳಮ್ಮ. ರಸ್ತೇಲಿ ಹೋಗೋರಿಗೆ ಪೆಟ್ಟಾದ್ರೆ ಎಷ್ಟು ಕೊಡ್ತಾರಂತೆ?" ಕೇಳಿದೆ. ಜನರಿಗಾದ ಗಾಯಕ್ಕೆ ಮಿತಿ ಇಲ್ಲ ಅಂದಳು. "ಇನ್ನೊಂದ್ ಸಲ ಕೇಳು." ಮಿತಿ ಇಲ್ಲವಂತೆ ಮಾವ. "ದಿನ ಯಾವತ್ತಿಂದ ಅಂತ ಕೇಳು. ನಡುವೆ ಒಂದ್ ದಿನಾನೂ ಖಾಲಿ ಇಲ್ಲ ತಾನೆ?" ಇಲ್ಲ. ಮೂರನೇ ಸಲವೂ ಕೇಳಿಸಿದಾಗ ನನಗೇ ರೇಗಿತು.

ರಾತ್ರಿ ಅತ್ತೆಗೆ ವಿಡಿಯೋ ಕಾಲ್ ಮಾಡಿ ಎಲ್ಲ ಒದರಿದೆ. ಅವರು ನಿಂಬೆಹಣ್ಣಿನ ಕಥೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಆ ಮುದುಕಂಗೆ ಬೇರೆ ಕೆಲಸ ಇಲ್ಲ" ಅಂದರು. ಕೊನೆಗೆ ಮಾವ ಮೂರು ಸಲ ಕೇಳಿಸಿದ್ದನ್ನು ಹೇಳಿದಾಗ ನಗಲಿಲ್ಲ.

"ಮೆಟಡೋರ್ ಯಾಕೆ ಮಾರಿದ್ದು ಅಂತ ನಿನ್ ಗಂಡನೂ ಹೇಳಿಲ್ವಾ? ಅವನಾಗ ಹಾಸ್ಟೆಲ್‌ನಲ್ಲಿದ್ದ, ಅವನಿಗೂ ಗೊತ್ತಿಲ್ಲ ಬಿಡು. ಇನ್ಶೂರೆನ್ಸ್ ಮುಗಿದು ನಾಕ್ ದಿನ ಆಗಿತ್ತು ಕಣವ್ವ. ಹುಣಸೆಹಣ್ಣಿನ ದುಡ್ಡು ಬರ್ಲಿ, ಕಟ್ಟಾನ ಅಂತಿದ್ರು. ರಾತ್ರಿ ಸೈಕಲ್‌ನಲ್ಲಿ ಬತ್ತಿದ್ದ ಒಬ್ಬ ಮನುಷ್ಯಂಗೆ ತಗುಲ್ತು. ಕಾಲು ಹೋಯ್ತು. ಗಾಡಿ ಮಾರಿದ್ರು, ಅರ್ಧ ಎಕರೆ ಅಡಿಕೆ ತೋಟ ಮಾರಿದ್ರು. ಕೋರ್ಟಿಗೆ ಹೋಗ್ಲಿಲ್ಲ, ಮನೇಗೇ ಹೋಗಿ ಕೊಟ್ಟು ಬಂದ್ರು. ಆ ಮನೇವ್ರು ಈಗ್ಲೂ ಮದುವೆ ಕಾಗದ ಕೊಡ್ತಾರೆ."

ನನಗೆ ತಡೆಯಲಾಗಲಿಲ್ಲ. "ಆವತ್ತೂ ಗಾಡೀಲಿ ನಿಂಬೆಹಣ್ಣಿತ್ತಾ ಅತ್ತೆ?"

"ಇತ್ತು. ಗಾಡಿಗೆ ಒಂದ್ ಗೀರೂ ಬೀಳ್ಲಿಲ್ಲ" ಅಂದರು. ಆಮೇಲೆ ಎಮ್ಮೆ ಕೂಗಿತೆಂದು ಫೋನ್ ಇಟ್ಟರು.

ಇದನ್ನು ಯಜಮಾನರಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಲ್ಯಾಪ್‌ಟಾಪ್ ತೆರೆದು, ಪಾಲಿಸಿ ಪ್ರಿಂಟ್ ತೆಗೆದು, "ಮಿತಿ ಇಲ್ಲ" ಎಂಬ ಸಾಲಿಗೆ ಹಳದಿ ಬಣ್ಣ ಬಳಿದು, ಅಪ್ಪನ ಮಾತ್ರೆ ಡಬ್ಬಿಯ ಕೆಳಗಿಟ್ಟು ಮಲಗಿದರು. ಬೆಳಿಗ್ಗೆ ಕಾಗದ ಅಲ್ಲಿರಲಿಲ್ಲ. ಮಾವನ ಬನಿಯನ್ ಜೇಬಿನಲ್ಲಿ ಹಳದಿ ಅಂಚು ಕಾಣುತ್ತಿತ್ತು. ಹಾಗಂತ ರಾಜಿಯಾಯಿತೆಂದು ತಿಳಿಯಬೇಡಿ. ಮಾವ ಕಾಫಿ ಹೀರಿ ಅಂದರು: "ನಿನ್ ಗಂಡಂಗೆ ಹೇಳಮ್ಮ, ಕತ್ತರಿಸಿದ ಹಣ್ಣು ಒಣಗಿ ಹೋಗೈತೆ. ಅಮಾವಾಸ್ಯೆ ಬತ್ತಾ ಐತೆ. ಅದಕ್ಕೂ ರಿನ್ಯೂವಲ್ ಐತೆ."

ಸಂಜೆ ಯಜಮಾನರು ಅಂಗಡಿಯಿಂದ ಒಂದು ದೊಡ್ಡ ಚೀಲ ತಂದು ಮೇಜಿನ ಮೇಲಿಟ್ಟರು. ಎಣಿಸಿದೆ, ಹನ್ನೆರಡು ನಿಂಬೆಹಣ್ಣು.

"ಅಪ್ಪನಿಗೆ ಹೇಳು" ಅಂದರು, ಅಪ್ಪನ ಮುಖವನ್ನೇ ನೋಡುತ್ತಾ. "ಸೀಟಿನ ಕೆಳಗಿಟ್ಟರೆ ಯಾವ ಕಾನೂನೂ ಅಡ್ಡ ಬರಲ್ಲ. ಅಮಾವಾಸ್ಯೆಗೊಂದರಂತೆ ವರ್ಷದ್ದು ಒಟ್ಟಿಗೆ ತಂದಿದ್ದೀನಿ. ಅಗ್ಗ ಬಿತ್ತು."