ಜನರೇಟರಿನ ಬಾಲಕ್ಕೆ ದೀಪ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ನನ್ನ ಬಾಮೈದನ ಜನರೇಟರ್ ಟ್ರೈಲರನ್ನು ನೋಡಿಯೇ ಕಟ್ಟಿರಬೇಕು. ಬೆಂಗಳೂರಿನ ಕಲ್ಯಾಣ ನಗರದಲ್ಲಿ ಅವನದು ಶಾಮಿಯಾನ, ಸೀರಿಯಲ್ ಸೆಟ್, ಜನರೇಟರ್ ಬಾಡಿಗೆಯ ವ್ಯಾಪಾರ. ಗಣಪತಿ ಹಬ್ಬ ಬಂತೆಂದರೆ ಬಾಬುಸಾಪಾಳ್ಯದಿಂದ ಕಮ್ಮನಹಳ್ಳಿಯವರೆಗೆ ಅವನ ಬಲ್ಬುಗಳೇ ಹೊಳೆಯುತ್ತವೆ. ಬೀದಿಬೀದಿಗೆ ಬೆಳಕು ಹಂಚುವ ಆ ಯಂತ್ರ ರಾತ್ರಿ ಹೊರವರ್ತುಲ ರಸ್ತೆಯಲ್ಲಿ ಮನೆಗೆ ಮರಳುವಾಗ ಮಾತ್ರ ಅದರ ಹಿಂದೆ ಒಂದು ಮಿಣುಕು ದೀಪವೂ ಇರುತ್ತಿರಲಿಲ್ಲ. ಕೇಳಿದರೆ, "ಕ್ಲೀನರ್ ಹುಡುಗ ಕೈ ತೋರಿಸ್ತಾನಲ್ಲ ಭಾವ" ಅನ್ನುತ್ತಿದ್ದ. ಕತ್ತಲಲ್ಲಿ ಆ ಕೈಯನ್ನು ಯಾರು ನೋಡಬೇಕೆಂದು ಅವನೂ ಹೇಳಲಿಲ್ಲ, ಹುಡುಗನೂ ಹೇಳಲಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಈ ಕೈಯನ್ನು ಒಪ್ಪುವುದಿಲ್ಲ. ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು, ನಂಬರ್ ಪ್ಲೇಟು 15 ಮೀಟರ್ ದೂರದಿಂದ ಓದುವಂತಿರಬೇಕು. ಟ್ರೈಲರಾದರೂ ಅಷ್ಟೇ. ನಮ್ಮ ಟ್ರೈಲರಿನ ನಂಬರು ಹಗಲು ಹೊತ್ತಿನಲ್ಲೇ ಬಗ್ಗಿ ನೋಡಿದವರಿಗೆ ಮಾತ್ರ ಕಾಣುತ್ತಿತ್ತು.

ಎಳೆಯುವ ಗಾಡಿ ಟಾಟಾ ಮೊಬೈಲ್. 1988ರಲ್ಲಿ ಮೊದಲ ಬಾರಿ ರಸ್ತೆಗಿಳಿದಾಗ ಟಾಟಾದವರ ಈ ಪಿಕಪ್ಪು ದೊಡ್ಡ ಸುದ್ದಿ. ನಮ್ಮದು ಆ ಕಾಲದ ಹತ್ತಿರದ ಕೂಸು. ಅದರ ವೈರಿಂಗಿನಲ್ಲಿ ಎಷ್ಟು ಜನ ಮೇಸ್ತ್ರಿಗಳು ಕೈಯಾಡಿಸಿದ್ದಾರೋ, ಒಬ್ಬ ಸುತ್ತಿದ ಟೇಪಿನ ಮೇಲೆ ಇನ್ನೊಬ್ಬ ಸುತ್ತಿದ ಟೇಪು, ಒಳಗೆ ತಾಮ್ರ ಇದೆಯೆಂಬುದು ನಂಬಿಕೆಯ ಮಾತು.

ಗಾಡಿಯಿಂದ ಟ್ರೈಲರಿನ ದೀಪಗಳಿಗೆ ಕರೆಂಟು ಒಯ್ಯುವ ಏಳು ಪಿನ್ನಿನ ಸಾಕೆಟ್ಟಿಗೆ ಅಂತರರಾಷ್ಟ್ರೀಯ ಕ್ರಮವೊಂದಿದೆ. ಎಡ ಇಂಡಿಕೇಟರಿಗೆ ಹಳದಿ ವೈರು, ಬಲಕ್ಕೆ ಹಸಿರು, ಬ್ರೇಕಿಗೆ ಕೆಂಪು, ಅರ್ಥಿಗೆ ಬಿಳಿ, ಹೀಗೆ. ನಾನು ನಿವೃತ್ತ ಮನುಷ್ಯ, ಪುರುಸೊತ್ತಿಗೆ ಬರವಿಲ್ಲ. ಇದನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಹೋಗಿ ಆಟೋ ಎಲೆಕ್ಟ್ರಿಷಿಯನ್ ಮೇಸ್ತ್ರಿಯ ಮುಂದೆ ಹಿಡಿದೆ. ಅವನು ತಮಿಳಿನಲ್ಲಿ ಬೈಯುವ, ಉರ್ದುವಿನಲ್ಲಿ ಲೆಕ್ಕ ಹಾಕುವ, ಕನ್ನಡದಲ್ಲಿ "ನಾಳೆ ಬನ್ನಿ" ಅನ್ನುವ ಅಪ್ಪಟ ದಂಡುಪ್ರದೇಶದ ಮನುಷ್ಯ. ಶಿವಾಜಿನಗರದ ಗುಜರಿಯಿಂದ ತಂದ ಟೈಲ್ ಲ್ಯಾಂಪುಗಳನ್ನೂ ಒಂದೇ ಒಂದು ಸುರುಳಿ ಕೆಂಪು ವೈರನ್ನೂ ತೋರಿಸಿ ಕೇಳಿದ: "ಕರೆಂಟಿಗೆ ಕಲರ್ ಗೊತ್ತಾ ಸಾರ್?"

ಉತ್ತರವಿಲ್ಲದ ಪ್ರಶ್ನೆ. ಎಲ್ಲದಕ್ಕೂ ಕೆಂಪು ವೈರೇ ಆಯಿತು. ಅರ್ಥ್ ವೈರಂತೂ ಹಾಕಲೇ ಇಲ್ಲ. "ಬಾಡಿ ಅರ್ಥ್ ಸಾಕು, ಕೊಕ್ಕೆ ಕಬ್ಬಿಣದ್ದಲ್ವಾ" ಎಂದ.

ಆ ಸಂಜೆಯ ವೈಭವ ಏನು ಹೇಳಲಿ! ಬ್ರೇಕ್ ತುಳಿದರೆ ಟ್ರೈಲರಿನ ಬ್ರೇಕ್ ಲೈಟು ಹತ್ತುವುದಿಲ್ಲ, ಮುಂದಿನ ಡ್ಯಾಶ್‌ಬೋರ್ಡು ಮಂದವಾಗಿ ಬೆಳಗುತ್ತದೆ. ಎಡಕ್ಕೆ ಸಿಗ್ನಲ್ ಹಾಕಿದರೆ ಹಿಂದಿನ ಅಷ್ಟೂ ದೀಪಗಳು ಒಟ್ಟಿಗೆ ಕಣ್ಣು ಹೊಡೆಯುತ್ತವೆ. ಕ್ಲೀನರ್ ಹುಡುಗನಿಗೆ ಖುಷಿಯೋ ಖುಷಿ: "ಅಣ್ಣಾ, ಹಿಂಗೇ ಬಿಡಿ, ಸೀರಿಯಲ್ ಸೆಟ್ ತರಾನೇ ಅದೆ!" ಮೇಸ್ತ್ರಿ ಬಲ್ಬುಗಳನ್ನು ದೂರಿದ, ಗುಜರಿಯವನನ್ನು ದೂರಿದ, ಕೊನೆಗೆ ಅಮಾವಾಸ್ಯೆಯನ್ನೂ ದೂರಿದ.

ತಪ್ಪು ಇದ್ದದ್ದು ಆ ಕೊಕ್ಕೆಯಲ್ಲಿ. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬು ಹೊತ್ತಿಸಿ ಮತ್ತೆ ಬ್ಯಾಟರಿಗೆ ಮರಳಲೇಬೇಕು. ಕೊಕ್ಕೆಗೆ ಅರ್ಧ ತುಕ್ಕು, ಅರ್ಧ ಗ್ರೀಸು. ದಾರಿ ಬಂದ್. ನಮ್ಮ ಬಲ್ಬು ಎರಡು ತಂತಿಯದು, ಬ್ರೇಕಿಗೆ 21 ವ್ಯಾಟ್, ಟೈಲ್ ಲೈಟಿಗೆ 5 ವ್ಯಾಟ್, ಎರಡಕ್ಕೂ ಅರ್ಥ್ ಒಂದೇ. ಅದು ಕೈಕೊಟ್ಟಾಗ ಬ್ರೇಕಿನ ಕರೆಂಟು ಪಕ್ಕದ 5 ವ್ಯಾಟಿನ ತಂತಿಗೆ ನುಗ್ಗಿ, ಟೈಲ್ ಲೈಟಿನ ವೈರು ಹಿಡಿದು ಹಿಮ್ಮುಖವಾಗಿ ಪಿಕಪ್ಪಿಗೇ ಬಂದು, ಅಲ್ಲಿನ ದೀಪಗಳ ಮೂಲಕ ಮನೆ ಸೇರುತ್ತದೆ. ಹೆಣ್ಣೂರು ಕ್ರಾಸಿನಲ್ಲಿ ಜಾಮ್ ಆದಾಗ ಬೈಕಿನವರು ಕಲ್ಯಾಣ ನಗರದ ಒಳರಸ್ತೆಗಳಿಗೆ ನುಗ್ಗುವ ಹಾಗೆ. ಕರೆಂಟಿಗೆ ಕಲರ್ ಗೊತ್ತಿಲ್ಲದಿರಬಹುದು, ಗಲ್ಲಿಗಳು ಚೆನ್ನಾಗಿ ಗೊತ್ತು.

ಮರುದಿನ ಬಿಳಿ ವೈರಿಗಾಗಿ ಹಟ ಹಿಡಿದೆ. ಟ್ರೈಲರಿನ ಚಾಸಿಯ ಪೇಂಟು ಕೆರೆದು, ಹೊಳೆಯುವ ಕಬ್ಬಿಣಕ್ಕೆ ಬೋಲ್ಟು ಬಿಗಿದು, ಅಲ್ಲಿಂದ ಪಿಕಪ್ಪಿಗೆ ನೇರ ಅರ್ಥ್ ಎಳೆದದ್ದೇ ತಡ, ಎಲ್ಲ ದೀಪಗಳೂ ಶಿಸ್ತಿಗೆ ಬಂದವು. ಮೇಸ್ತ್ರಿ, "ನಾನು ಅದನ್ನೇ ಅಂದ್ಕೊಂಡಿದ್ದೆ" ಎಂದ. ಬಲ್ಬು ಹೆಚ್ಚಾದದ್ದಕ್ಕೆ ಫ್ಲಾಶರ್ ಮಾತ್ರ ತಾಳ ತಪ್ಪಿ ಟಿಕಟಿಕ ಅನ್ನುತ್ತಿತ್ತು. ಜೆ.ಸಿ. ರಸ್ತೆಯಿಂದ ಹೆಚ್ಚು ಲೋಡಿನದನ್ನು ತರಿಸಿ ಹಾಕಿಸಿದ್ದಾಯಿತು.

ಹಿಂದಿನ ದೀಪಕ್ಕೆ ನಾವು ಜಿಪುಣರಾಗುವುದರ ಗುಟ್ಟು ನನಗೆ ತಿಳಿದಿದೆ. ಹಾರ್ನು ನಮ್ಮ ಕಿವಿಗೆ ಕೇಳುತ್ತದೆ, ಹೆಡ್‌ಲೈಟು ನಮ್ಮ ಕಣ್ಣಿಗೆ ಕಾಣುತ್ತದೆ. ಟೈಲ್ ಲೈಟು ಮಾತ್ರ ನಮ್ಮ ದುಡ್ಡಿನಲ್ಲಿ ಯಾರೋ ಗುರುತಿಲ್ಲದವನಿಗಾಗಿ ಉರಿಯುವ ವಸ್ತು. ಅದಕ್ಕೇ ಬಾಮೈದ ಬಿಲ್ಲು ನೋಡಿ, "ಇದೇ ದುಡ್ಡಿಗೆ ಒಂದು ಒಳ್ಳೇ ಸ್ಟೀರಿಯೋ ಬರ್ತಿತ್ತು ಭಾವ" ಎಂದು ನಿಟ್ಟುಸಿರಿಟ್ಟ.

ಹಬ್ಬದ ದಿನಗಳಲ್ಲಿ ಹೊರವರ್ತುಲ ರಸ್ತೆಯಲ್ಲಿ ಹಳೇ ಟಾಟಾ ಮೊಬೈಲೊಂದು ಟ್ರೈಲರ್ ಎಳೆದುಕೊಂಡು ಬಲಗಡೆಯ ಇಂಡಿಕೇಟರ್ ಹಾಕಿದ್ದು ಕಂಡರೆ, ದಯವಿಟ್ಟು ಸ್ವಲ್ಪ ಹಿಂದೆಯೇ ಇರಿ. ವೈರಿಂಗ್ ಬಗ್ಗೆ ಅನುಮಾನ ಬೇಡ, ಅದಕ್ಕೆ ನಾನು ಜವಾಬ್ದಾರಿ. ಆದರೆ ಸ್ಟೀರಿಂಗ್ ಹಿಡಿದಿರುವವನು ನನ್ನ ಬಾಮೈದ. ಅವನು ಎಡಕ್ಕೂ ತಿರುಗಬಹುದು.