ಆಕಾಶಕ್ಕೆ ಕಟ್ಟಿದ ಗಡಿಯಾರ

ಕಾರವಾರದ ಬೈತಖೋಲ ಬಂದರಿನ ದೋಣಿಯವರಿಗೆ ಜಿಪಿಎಸ್ ಎಂದರೆ ದಾರಿ. ಅದು ಗಡಿಯಾರವೂ ಹೌದೆಂದರೆ ನಕ್ಕಾರು. ಆದರೆ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಆ ಉಪಗ್ರಹಗಳ ಹೊಟ್ಟೆಯಲ್ಲಿರುವುದು ಪರಮಾಣು ಗಡಿಯಾರ. ಸಮಯ ಗೊತ್ತಾದ ಮೇಲೆಯೇ ದಾರಿ ಗೊತ್ತಾಗುವುದು.

ಅಂಕೋಲೆಯ ಗಡಿಯಾರಪ್ರೇಮಿಯೊಬ್ಬ ಇದನ್ನು ಓದಿ, ಕಂಪ್ಯೂಟರಿನ ಗಡಿಯಾರವನ್ನು ನಿಖರವಾಗಿಸಲು ಜಿಪಿಎಸ್ ರಿಸೀವರ್ ತಂದು ಅದಕ್ಕೆ ಜೋಡಿಸಹೊರಟ ಎನ್ನಿ. ಮೊದಲ ಫಜೀತಿ ಆಂಟೆನಾದ್ದು. ಅದಕ್ಕೆ ಬೇಕು ತೆರೆದ ಆಕಾಶ. ಮನೆ ಸುತ್ತ ಇರುವುದು ತೆಂಗು ಮತ್ತು ಇಶಾಡು ಮಾವು. ಮಾವಿನ ಟೊಂಗೆ ಕಡಿಯುವ ಮಾತೆತ್ತಿದರೆ ಅವನ ಸಮಯವೇ ಕೆಡುತ್ತದೆ! ಕೊನೆಗೆ ಉದ್ದನೆಯ ಬಿದಿರು ಗಳವೇ ಗತಿ.

ಮುಂದಿನದು ಸೂಕ್ಷ್ಮ. ರಿಸೀವರ್ ಅಕ್ಷರಗಳಲ್ಲಿ ಒದರುವ ಸಮಯ ಕಂಪ್ಯೂಟರಿಗೆ ತಲುಪುವಷ್ಟರಲ್ಲಿ ಕೆಲವೊಮ್ಮೆ ಅರ್ಧ ಸೆಕೆಂಡೇ ತಡ. ನಿಖರತೆ ಅಡಗಿರುವುದು ಪಿಪಿಎಸ್ ಎಂಬ ಇನ್ನೊಂದು ತಂತಿಯಲ್ಲಿ: ಸೆಕೆಂಡಿಗೊಂದು ಮಿಡಿತ, ಮಾತಿಲ್ಲ ಕತೆಯಿಲ್ಲ. ಗಂಟೆ ಎಷ್ಟೆಂದು ಒಂದು ತಂತಿ ಹೇಳಬೇಕು, ‘ಈಗ’ ಎಂದು ಇನ್ನೊಂದು ಚಿವುಟಬೇಕು. ಕ್ರೋನಿ ಎಂಬ ತಂತ್ರಾಂಶ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಗಡಿಯಾರವನ್ನು ಮೈಕ್ರೋಸೆಕೆಂಡಿನ ಲೆಕ್ಕಕ್ಕೆ ತರುತ್ತದೆ.

ಹಳೆಯ ರಿಸೀವರಾದರೆ ಜೋಕೆ. ಜಿಪಿಎಸ್ ವಾರದ ಎಣಿಕೆ 1024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲಿನಲ್ಲಿ ಹಾಗಾದಾಗ ಕೆಲವು ಹಳೆಯ ಯಂತ್ರಗಳು ಸುಮಾರು 20 ವರ್ಷ ಚಿಕ್ಕವಾದವು. (ಮನುಷ್ಯರಿಗೆ ಆ ಭಾಗ್ಯವಿಲ್ಲ.)

ಇಷ್ಟೆಲ್ಲ ಸಾಧಿಸಿ ಅಂಗಳಕ್ಕೆ ಬಂದು ತಲೆ ಎತ್ತಿದರೆ, ಗಡಿಯಾರದಲ್ಲಿ ಹನ್ನೆರಡಾದರೂ ಸೂರ್ಯ ನೆತ್ತಿಗೆ ಬಂದಿಲ್ಲ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಅಂಕೋಲೆ 74.3ರ ಆಸುಪಾಸಿನದು. ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಊರಿನ ಸೂರ್ಯ ಸರಾಸರಿ 33 ನಿಮಿಷ ತಡ.