ನೀರಿನ ಜಾತಕ, ಗೀಸರಿನ ಗ್ರಹಚಾರ

ಏಪ್ರಿಲ್ ತಿಂಗಳ ಮಧ್ಯಾಹ್ನ ಕೊಳ್ಳೇಗಾಲದಲ್ಲಿ ನಲ್ಲಿ ತಿರುಗಿಸಿದರೆ ಕೈ ಸುಡುವಂಥ ನೀರು ಪುಕ್ಕಟೆಯಾಗಿ ಬರುತ್ತದೆ. ಇಂಥ ಊರಲ್ಲಿ ನೀರು ಕಾಯಿಸಲು ದುಡ್ಡು ಸುರಿಯುವುದು ಬುದ್ಧಿವಂತರ ಲಕ್ಷಣವಲ್ಲ. ಆದರೆ ಧನುರ್ಮಾಸದ ಬೆಳಗಿನ ಜಾವ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಗಾಳಿ ಬೀಸತೊಡಗಿದಾಗ ತಣ್ಣೀರು ಸುರಿದುಕೊಳ್ಳುವ ಎದೆಗಾರಿಕೆ ಇರುವುದು ಮಾದಪ್ಪನ ಪರಮ ಭಕ್ತರಿಗೆ ಮಾತ್ರ. ನಾನೂ ಭಕ್ತನೇ, ಸ್ನಾನದ ಮಟ್ಟಿಗೆ ನಾಸ್ತಿಕ.

ಅವ್ವನ ಊರು ಹನೂರಿನ ಕಡೆ. ಅಲ್ಲಿಯ ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ಒಲೆ. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಜೋಳದ ಬೆಂಡು, ತೆಂಗಿನ ಮಟ್ಟೆ, ಏನು ತುರುಕಿದರೂ ಹಂಡೆ ಕಾಯುತ್ತಿತ್ತು. ಅದಕ್ಕೆ ವಾರಂಟಿ ಇರಲಿಲ್ಲ, ಕೆಡುತ್ತಲೂ ಇರಲಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿದರೆ ಆ ವರ್ಷದ ಸರ್ವಿಸ್ ಮುಗಿಯಿತು. ಕೊಳ್ಳೇಗಾಲದಲ್ಲಿ ಮನೆ ಕಟ್ಟಿ ಅವ್ವನನ್ನು ಕರೆತಂದಾಗ ಹಂಡೆಯೂ ಜೊತೆಗೆ ಬಂತು. ಟೈಲ್ಸ್ ಹಾಕಿದ ಬಾತ್‌ರೂಮಿಗೆ ಹೊಗೆ ಕೂಡದು ಎಂದು ನನ್ನಾಕೆ ಅದರಲ್ಲಿ ಮಣ್ಣು ತುಂಬಿ ಗೇಟಿನ ಪಕ್ಕ ದಾಸವಾಳ ನೆಟ್ಟಳು.

ಮೊದಲು ಬಂದದ್ದು 3 ಲೀಟರಿನ ಇನ್‌ಸ್ಟಂಟ್ ಗೀಸರ್. ಆಯ್ಕೆ ಮಾಡಿದ್ದು ನಾನೇ. ಟೈಲ್ಸಿನ ಬಣ್ಣಕ್ಕೆ ಹೊಂದುತ್ತಿತ್ತು ಎಂಬುದೇ ಅದರ ಮುಖ್ಯ ಅರ್ಹತೆ. ಅದು 3 ಕಿಲೋವ್ಯಾಟಿನದು, ಅಂದರೆ 13 ಆಂಪಿಯರ್ ಕರೆಂಟು ಎಳೆಯುತ್ತದೆ. ಬಚ್ಚಲಲ್ಲಿದ್ದದ್ದು ಶೇವಿಂಗ್ ಮಿಷನ್ನಿಗೆಂದು ಹಾಕಿಸಿದ್ದ 6 ಆಂಪಿಯರಿನ ಸಾಕೆಟ್ಟು. ದೊಡ್ಡ ಪಿನ್ನನ್ನು ಸಣ್ಣ ತೂತಿಗೆ ಸೇರಿಸುವ ಪ್ಲಗ್ಗೊಂದು ಅಂಗಡಿಯಲ್ಲಿ ಸಿಕ್ಕಿತು. ಸಿಗುವ ವಸ್ತುವೆಲ್ಲ ಬಳಸಬಹುದಾದದ್ದೇ ಎಂಬುದು ನನ್ನ ಲೋಕಜ್ಞಾನ. ಎರಡನೆಯ ಬಕೆಟ್ಟಿಗೆ ಸಾಕೆಟ್ಟು ಕರಗಿ ಗೋಡೆಯ ಮೇಲೆ ಇಳಿಯಿತು.

"ಹೊಗ ಬರಬಾರ್ದು ಅಂತ ತಾನೆ ಹಂಡೆಗ ಗಿಡ ನೆಟ್ಟಿರದು? ಇದೇನ ಮೊಗಾ ಬತ್ತಾ ಇರದು?" ಎಂದಳು ಅವ್ವ.

ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ಹುಟ್ಟಿದ ಕರೆಂಟು ಅಷ್ಟು ದೂರದ ಕೋಲಾರದ ಚಿನ್ನದ ಗಣಿಯವರೆಗೆ ಸುರಕ್ಷಿತವಾಗಿ ಹೋಯಿತು. ಆಗ ನಾವು ಕೊಯಮತ್ತೂರು ಜಿಲ್ಲೆಯವರು, ಮದ್ರಾಸಿನ ಪ್ರಜೆಗಳು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಇಷ್ಟೆಲ್ಲ ಆದಮೇಲೂ ಅದೇ ಕರೆಂಟಿಗೆ ನಮ್ಮ ಹಾಲಿನಿಂದ ಬಚ್ಚಲವರೆಗೆ ಬರಲಾಗಲಿಲ್ಲ. 4 ಎಂಎಂ ತಾಮ್ರದ ವೈರು, 16 ಆಂಪಿಯರಿನ ಸಾಕೆಟ್ಟು, ಬೇರೆ ಎಂಸಿಬಿ, ಸರಿಯಾದ ಅರ್ತಿಂಗು ಎಂದು ಎಲೆಕ್ಟ್ರಿಷಿಯನ್ ಪಟ್ಟಿ ಕೊಟ್ಟಾಗ ಗೀಸರಿಗಿಂತ ಅದರ ಬಾಲವೇ ದುಬಾರಿಯಾಯಿತು. ಇಷ್ಟಾಗಿ ನೀರು ಕಾಯಿತೆ? ನಿಮಿಷಕ್ಕೆ 3 ಲೀಟರ್ ಬಿಟ್ಟರೆ ಈ ಗೀಸರ್ ಏರಿಸುವುದು 14 ಡಿಗ್ರಿ ಮಾತ್ರ. ಜೋರಾಗಿ ಬಿಟ್ಟರೆ ಉಗುರುಬೆಚ್ಚಗೆ, ಬಿಸಿ ಬೇಕೆಂದರೆ ತೀರ್ಥದಷ್ಟು. ತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಂಡು ಕೆಲಸಕ್ಕೆ ಹೋಗತೊಡಗಿದೆ.

ಆಮೇಲೆ 25 ಲೀಟರಿನ ಸ್ಟೋರೇಜ್ ಗೀಸರ್ ತಂದೆವು. ಅದರ ಮೈಮೇಲೆ 5 ಸ್ಟಾರ್. 5 ಸ್ಟಾರ್ ಎಂದರೆ ಕರೆಂಟೇ ಬೇಡವೇನೋ ಎಂಬ ಧೈರ್ಯದಲ್ಲಿ ಹಗಲಿಡೀ ಆನ್ ಮಾಡಿಟ್ಟೆ. ಕಾದ ನೀರು ಸುಮ್ಮನೆ ನಿಂತಾಗ ಎಷ್ಟು ಬಿಸಿ ಸೋರಿಹೋಗುತ್ತದೆ ಎಂಬುದನ್ನಷ್ಟೇ ಆ ಸ್ಟಾರು ಹೇಳುತ್ತದೆ. 25 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ತರಲು ಸ್ಟಾರಿದ್ದರೂ ಇಲ್ಲದಿದ್ದರೂ ಒಂದು ಯೂನಿಟ್ ಬೇಕೇ ಬೇಕು. ತಿಂಗಳ ಕೊನೆಗೆ ಗೃಹಜ್ಯೋತಿಯ 200 ಯೂನಿಟ್ಟಿನ ಗೆರೆ ದಾಟಿದೆವು. ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ.

ಆ ದೀಪಾವಳಿಗೆ ಅವ್ವ ಗೀಸರಿಗೇ ಹಾಗಲಬಳ್ಳಿ ಸುತ್ತಿ, ಒಂದೊಂದು ಸ್ಟಾರಿಗೂ ಕುಂಕುಮ ಇಟ್ಟಳು. ಪೂಜೆಗೆ ಸಂತುಷ್ಟವಾದ ಗೀಸರ್ ಮಾತಾಡಲು ಶುರುಮಾಡಿತು. ಮೊದಲು ಗೊಟಗೊಟ, ಆಮೇಲೆ ಟಕಟಕ. ಬದಿಯ ವಾಲ್ವಿನಿಂದ ಹನಿ ಹನಿ ನೀರೂ ತೊಟ್ಟಿಕ್ಕತೊಡಗಿತು. ಸೋರುವುದನ್ನು ನಿಲ್ಲಿಸುವ ಕಲೆಯಲ್ಲಿ ನನಗೆ ಪರಿಣತಿ ಇದ್ದುದರಿಂದ ಅದರ ಬಾಯಿಗೆ ಅಂಟು ಮೆತ್ತಿ, ಮೇಲೊಂದು ಬಟ್ಟೆ ಬಿಗಿದೆ. ಸದ್ದು ಕೇಳಿ ಕರೆಸಿದ ಮೆಕ್ಯಾನಿಕ್ ಅದನ್ನು ನೋಡಿ ಬಾಗಿಲಲ್ಲೇ ನಿಂತ.

"ಇದ ಯಾರು ಸೋಮಿ ಮುಚ್ಚುದವರು? ಒಳಗ ಒತ್ತಡ ಜಾಸ್ತಿಯಾದ್ರ ಬುಡ್ಲಿ ಅಂತ ಮಡಗಿರ ವಾಲ್ವು ಕನ ಇದು. ಮುಚ್ಚುದ್ರ ಬಾಂಬೇಯ!"

"ಯಾರೋ ಪ್ಲಂಬರ್ರು," ಎಂದೆ. ನನ್ನಾಕೆ ಕೆಮ್ಮಿದಳು.

ಬಿಚ್ಚಿದರೆ ಒಳಗಿನಿಂದ ಬುಟ್ಟಿ ತುಂಬುವಷ್ಟು ಸುಣ್ಣದ ಚಕ್ಕೆ ಬಿತ್ತು. ಕಾಯಿಲಿನ ಮೇಲೆ ಬೆರಳು ದಪ್ಪ ಬಿಳಿ ಪೊರೆ. ತೊಟ್ಟಿಗೆ ತುಕ್ಕು ಹಿಡಿಯದಂತೆ ತಾನೇ ಸವೆದುಹೋಗುವ ಮೆಗ್ನೀಸಿಯಮ್ ಕಡ್ಡಿಯೊಂದು ಒಳಗಿರುತ್ತದಂತೆ. ನಮ್ಮದರಲ್ಲಿ ಅದರ ನಡುವಿನ ತಂತಿ ಮಾತ್ರ ಉಳಿದಿತ್ತು. ಎಲ್ಲ ಬೋರ್‌ವೆಲ್ಲಿನ ಗಡಸು ನೀರಿನ ಮಹಿಮೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಆ ಕಡ್ಡಿ ನೋಡಬೇಕು ಎಂದು ಹೇಳಿ ಮೆಕ್ಯಾನಿಕ್ ಹೊರಟ. ನೂಲು ಬಿಚ್ಚಾಣಿಕೆ ಮಾಡುವ ಪಕ್ಕದ ಮನೆಯವರು ಬುಟ್ಟಿ ನೋಡಿ ನಕ್ಕರು: "ಗೂಡು ಬೇಯಿಸೋಕ ಮುಂಚೆ ನಾವು ನೀರು ಗಡಸೋ ಮೆದುವೋ ನೋಡ್ತೀವಿ ಮೇಷ್ಟ್ರೆ. ನೀವು ಏನೂ ನೋಡ್ದೆಯಾ ತಂದ್ಬುಟ್ರಾ?"

ನೋಡಿದ್ದೆ, ಬಣ್ಣ ನೋಡಿದ್ದೆ.

ಅಷ್ಟರಲ್ಲಿ ಯಳಂದೂರಿನಿಂದ ಮಾವನವರು ಬಂದರು. "ಸೂರ್ಯನಾರಾಯಣ ಇರುವಾಗ ಕರೆಂಟ್ಯಾಕೆ ಅಳಿಯಂದ್ರೆ? ಸೋಲಾರ್ ಹಾಕಿಸಿ. ಸಣ್ಣ ತಾಮ್ರದ ಪೈಪಿನದು ಈ ನೀರಿಗೆ ಬೇಗ ಕಟ್ಕೊಳುತ್ತೆ, ಗಾಜಿನ ಕೊಳವೆಯದು ತಗೊಳ್ಳಿ" ಎಂದರು. ಅವರ ಮಾತಿನಲ್ಲಿ ಲೋಪವಿರಲಿಲ್ಲ. ದಕ್ಷಿಣಕ್ಕೆ ಮುಖಮಾಡಿ ಸೋಲಾರ್ ಕೂತಿತು, ನೀರು ಮಾತ್ರ ಹತ್ತಲಿಲ್ಲ. ಮೇಲಿನ ಟ್ಯಾಂಕಿನ ತಳ ಸೋಲಾರ್ ತೊಟ್ಟಿಯ ನೆತ್ತಿಗಿಂತ ಎತ್ತರದಲ್ಲಿರಬೇಕು. ನಮ್ಮ ಟ್ಯಾಂಕು ವಿನಯದಿಂದ ತಾರಸಿಯ ಮೇಲೆ ಕೂತಿತ್ತು. ಅದಕ್ಕೊಂದು ಕಬ್ಬಿಣದ ಸಿಂಹಾಸನ ಮಾಡಿಸಿದೆವು.

ಒಂದು ವರ್ಷ ಸುಖವಾಗಿತ್ತು. ಮೆಕ್ಯಾನಿಕ್ ಹೇಳಿದ ವಾರ್ಷಿಕ ಶುದ್ಧಿಯನ್ನು ನಾನು ಮರೆತಿರಲಿಲ್ಲ. ಬೇಸಿಗೆ ರಜೆಯ ಒಂದು ಬೆಳಿಗ್ಗೆ ಸೋಲಾರಿನ ನೀರನ್ನೆಲ್ಲ ಖಾಲಿ ಮಾಡಿ, ಬಿಸಿಲಲ್ಲಿ ಚೆನ್ನಾಗಿ ಒಣಗಲಿ ಎಂದು ಬಿಟ್ಟು ಊಟಕ್ಕೆ ಕೂತೆ. ಖಾಲಿ ಕೊಳವೆ ಬಿಸಿಲಲ್ಲಿ ನೀರು ಕುದಿಯುವ 100 ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಉಂಡು ಎದ್ದು ಮಧ್ಯಾಹ್ನದ ಉರಿಯಲ್ಲಿ ವಾಲ್ವು ತಿರುಗಿಸಿದೆ. ತಣ್ಣೀರು ತಾಗಿದ್ದೇ ತಡ, ಫಟ್ ಫಟ್ ಎಂದು ಕೊಳವೆಗಳು ಸಾಲಾಗಿ ಸಿಡಿದವು. ಬೀದಿಯವರು ಯಾರ ಮನೆ ಮದುವೆ ಎಂದು ಇಣುಕಿದರು. ಅವ್ವ ಮಾತಾಡಲಿಲ್ಲ. ಗೇಟಿನ ಬಳಿ ಹೋಗಿ ದಾಸವಾಳದ ಬುಡ ಕೆದಕತೊಡಗಿದಳು.

ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಹೆಣ್ಣು-ಗಂಡಿನ ಜಾತಕ ಕೂಡಿಸುವಂತೆ ಮೊದಲು ನಿಮ್ಮ ನೀರಿನ ಗಡಸುತನ ಪರೀಕ್ಷೆ ಮಾಡಿಸಿ. ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ನೀವು ಪುಣ್ಯವಂತರು. ಅದನ್ನು ಬಹಳ ದಾಟಿದರೆ ಗೀಸರನ್ನು ವರ್ಷಕ್ಕೊಮ್ಮೆ ತೊಳೆಸಲು ಸಿದ್ಧರಾಗಿ. ಆಮೇಲೆ ವೈರು, ಆಮೇಲೆ ಟ್ಯಾಂಕಿನ ಎತ್ತರ, ಅಂಗಡಿ ಕೊನೆಗೆ. ಸೋಲಾರಿಗೆ ನೀರು ತುಂಬುವುದಾದರೆ ಹೊತ್ತು ಮೂಡುವ ಮುಂಚೆ ತುಂಬಿ. ಗ್ಯಾಸ್ ಗೀಸರನ್ನು ಮಾತ್ರ ಗಾಳಿಯಾಡದ ಬಚ್ಚಲಿನ ಒಳಗೆ ಇಡಲೇಬೇಡಿ. ಅದರ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಉಳಿದ ಅನಾಹುತಗಳನ್ನೆಲ್ಲ ನಿಮ್ಮ ಪರವಾಗಿ ನಾನು ಮಾಡಿ ಮುಗಿಸಿದ್ದೇನೆ, ನೀವು ಮತ್ತೆ ಮಾಡುವ ಅಗತ್ಯವಿಲ್ಲ.